ಭರಪಾಯಿ: ಸೊಲ್ಲಾಪುರದ ಗಿರಣಿ, ಗಾಯಗೊಂಡ ಕೈ ಮತ್ತು ಕಾನೂನಿನ ಭಾಷೆ

  ನಾನು ಅಕ್ಕಲಕೋಟ ತಾಲೂಕಿನ ಹುಡುಗಿ, ಕನ್ನಡ ಎಂ.ಎ. ಓದ್ತಾ ಇದೀನಿ. ಈ ಮಾಲಿಕೆಯಲ್ಲಿ ಇಲ್ಲಿಯವರೆಗೆ ಶಾಸನ, ಮಠ, ಶಾಲೆ, ಜಾನಪದ ಕುರಿತು ಒಳ್ಳೆ ಪ್ರಬಂಧಗಳು ಬಂದಿವೆ. ನನ್ನ ವಿಷಯ ಸ್ವಲ್ಪ ಒಣ ಅನ್ನಿಸಬಹುದು: ಕೆಲಸದ ಜಾಗದಲ್ಲಿ ಗಾಯಗೊಂಡವರಿಗೆ ಸಿಗಬೇಕಾದ ನಷ್ಟಪರಿಹಾರದ ಕಾನೂನು. ಸಾಹಿತ್ಯದ ವಿದ್ಯಾರ್ಥಿನಿಗೆ ಇದರಲ್ಲೇನು ಕೆಲಸ ಅಂತ ನಮ್ಮ ಸರ್ ಸಹ ಕೇಳಿದರು. ನಾನು ಈ ವಿಷಯಕ್ಕೆ ಬಂದದ್ದು ಒಂದು ಶಬ್ದದ ಬೆನ್ನು ಹತ್ತಿ. ಆ ಶಬ್ದ ‘ಭರಪಾಯಿ’.

1. ಒಂದು ಕಾಗದ

ನನ್ನ ತಾಯಿಯ ತವರು ಸೊಲ್ಲಾಪುರ. ನಮ್ಮ ಮಾಮಾ ಅಲ್ಲಿ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಟವೆಲ್ ನೇಯುವವನು. 2022ರ ಮಳೆಗಾಲದಲ್ಲಿ ರಾತ್ರಿ ಪಾಳಿಯಲ್ಲಿ ಅವನ ಬಲಗೈ ಯಂತ್ರಕ್ಕೆ ಸಿಕ್ಕಿತು. ನಡುಬೆರಳು, ಉಂಗುರಬೆರಳು ಎರಡೂ ಬುಡದಿಂದ ಹೋದವು. ಆಗ ಅವನಿಗೆ ಐವತ್ತು ವರ್ಷ. ಆಸ್ಪತ್ರೆಯ ಖರ್ಚು ಮಾಲೀಕ ನೋಡಿಕೊಂಡ. ಇಪ್ಪತ್ತು ದಿನ ಬಿಟ್ಟು ಹದಿನೈದು ಸಾವಿರ ರೂಪಾಯಿ ಕೈಗಿಟ್ಟು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು.

ನಾನು ದೀಪಾವಳಿಗೆ ಹೋದಾಗ ಕೇಳಿದೆ: “ಮಾಮಾ, ಕಾಗದದಾಗ ಏನ್ ಬರದಿತ್ತು?”

“ಮರಾಠಿ ಇತ್ತವ್ವಾ. ಅನುಗ್ರಹದ ರೊಕ್ಕ ಅಂದ್ರು. ತಗೊಂಡೆ. ಬೆರಳ ಹೋದ್ವು, ಕೆಲಸ ಹೋಗಲಿಲ್ಲಲ್ಲ, ಅಷ್ಟ ಸಾಕು.”

ಆ ಕಾಗದದ ಝೆರಾಕ್ಸ್ ಅತ್ತಿ ತೆಗೆದಿಟ್ಟಿದ್ದಳು. ಮಾಮಾ ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆ ಓದಿದವನು. ಮರಾಠಿ ಚಲೋ ಮಾತಾಡ್ತಾನೆ, ಓದೋದು ಅಕ್ಷರ ಕೂಡಿಸಿ. ಕಾಗದದಲ್ಲಿ ‘ಸಾನುಗ್ರಹ ರಕ್ಕಮ್’ ಎಂದಿತ್ತು. ಅಂದರೆ ಕಾನೂನಿನ ಹೊಣೆ ಇಲ್ಲದೆ ದಯೆಯಿಂದ ಕೊಟ್ಟ ಹಣ. ಕೊನೆಯ ಸಾಲಿನಲ್ಲಿ ಪೂರ್ತಿ ಭರಪಾಯಿ ಮುಟ್ಟಿದೆ, ಇನ್ನು ಯಾವ ಹಕ್ಕೂ ಬಾಕಿ ಇಲ್ಲ ಎಂಬ ಅರ್ಥದ ಮಾತಿತ್ತು.

ಈಗ ಶಬ್ದ ನೋಡಿ. ನಮ್ಮ ಕಡೆಯ ಕನ್ನಡದಲ್ಲಿ, ಮರಾಠಿಯಲ್ಲಿ ಇದ್ದ ಹಾಗೆಯೇ, ‘ಭರಪಾಯಿ’ಗೆ ಎರಡು ಅರ್ಥ. ಒಂದು, ಆದ ನಷ್ಟ ತುಂಬಿಕೊಡೋದು. ಇನ್ನೊಂದು, ಹಣ ಪೂರ್ತಿ ಬಂತು, ಲೆಕ್ಕ ಮುಗೀತು ಅಂತ ಬರೆದುಕೊಡುವ ಪಾವತಿ. ಮೊದಲನೆಯದು ದುಡಿಯುವವನ ಹಕ್ಕು, ಎರಡನೆಯದು ಆ ಹಕ್ಕು ತೀರಿತೆನ್ನುವ ರಸೀದಿ. ಮಾಮಾನಿಗೆ ಮೊದಲನೆಯದು ಸಿಗದೆ ಎರಡನೆಯದಕ್ಕೆ ಸಹಿ ಬಿದ್ದಿತ್ತು. ಇನ್ನು ‘ಅನುಗ್ರಹ’ ನಮಗೆ ಗುರುವಿನಿಂದ, ದೇವರಿಂದ ಬರುವಂಥದ್ದು. ಸಿದ್ಧರಾಮೇಶ್ವರನ ಊರಿನವನಿಗೆ ಆ ಶಬ್ದದ ಮುಂದೆ ತಕರಾರು ಮಾಡಲು ಬಾಯಿ ಬರೋದಿಲ್ಲ. ಕರ್ನಾಟಕದಲ್ಲಿ ನಾವು ‘ಪರಿಹಾರ’ ಅಂತೀವಿ. ನೆರೆ ಬಂದಾಗ, ಬರ ಬಿದ್ದಾಗ ಸರಕಾರ ಕೊಡೋದೂ ಪರಿಹಾರವೇ ಆದ್ದರಿಂದ ಅದಕ್ಕೂ ದಾನದ ವಾಸನೆ ಸ್ವಲ್ಪ ಹತ್ತಿಕೊಂಡಿದೆ. ಇದು ದಾನವೋ ಸಾಲವೋ ಎಂಬ ಪ್ರಶ್ನೆಗೆ ನೂರೈವತ್ತು ವರ್ಷದ ಚರಿತ್ರೆ ಇದೆ. ಅದನ್ನೇ ಈಗ ಹೇಳ್ತೀನಿ.

2. ಕಾನೂನಿಗೆ ಮುಂಚೆ

ಕಾರಖಾನೆ ಮೊದಲು ಬೆಳೆದ ಇಂಗ್ಲೆಂಡಿನಲ್ಲಿ ಗಾಯಗೊಂಡ ಕೆಲಸಗಾರ ಮಾಲೀಕನ ಮೇಲೆ ದಾವೆ ಹೂಡಬಹುದಿತ್ತು, ಗೆಲ್ಲೋದು ಮಾತ್ರ ದುಸ್ತರ. 1837ರಲ್ಲಿ ಒಬ್ಬ ಕಟುಕನ ಆಳು, ಭಾರ ಹೆಚ್ಚಾಗಿ ಮುರಿದುಬಿದ್ದ ಬಂಡಿಯಿಂದ ಬಿದ್ದು ತೊಡೆ ಮುರಿದುಕೊಂಡ. ಪ್ರೀಸ್ಟ್‌ಲಿ ವಿರುದ್ಧ ಫೌಲರ್ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ ನ್ಯಾಯಾಲಯ ಮಾಲೀಕನ ಪರ ತೀರ್ಪು ಕೊಟ್ಟಿತು. ಜತೆ ಕೆಲಸಗಾರನ ತಪ್ಪಿನಿಂದ ಗಾಯವಾದರೆ ಮಾಲೀಕ ಹೊಣೆಯಲ್ಲ ಎಂಬ ತತ್ವ ಅಲ್ಲಿಂದ ಬೆಳೆಯಿತು. ಇದರ ಜತೆಗೆ ಮತ್ತೆರಡು ಗುರಾಣಿಗಳಿದ್ದವು: ಅಪಾಯ ಗೊತ್ತಿದ್ದೇ ಕೆಲಸಕ್ಕೆ ಬಂದೆ ಅನ್ನೋದು, ನಿನ್ನ ಅಜಾಗರೂಕತೆಯೂ ಸೇರಿದೆ ಅನ್ನೋದು. ಮೂರನ್ನೂ ದಾಟಿ ಹೋಗುವ ಕೆಲಸಗಾರ ಅಪರೂಪ.

ಜರ್ಮನಿ 1884ರಲ್ಲಿ ಅಪಘಾತ ವಿಮೆಯ ಕಾನೂನು ತಂದು ಬೇರೆ ದಾರಿ ತೋರಿತು. ಇಂಗ್ಲೆಂಡ್ 1897ರಲ್ಲಿ ನಷ್ಟಪರಿಹಾರದ ಕಾಯ್ದೆ ಮಾಡಿತು. ಇವುಗಳ ಹಿಂದಿನ ಹೊಸ ವಿಚಾರ ಸರಳ: ತಪ್ಪು ಯಾರದು ಎಂದು ಹುಡುಕುವುದು ಬೇಡ. ಯಂತ್ರದಿಂದ ಲಾಭ ಪಡೆಯುವವನು ಯಂತ್ರ ಮಾಡುವ ಗಾಯದ ಖರ್ಚನ್ನೂ ಹೊರಬೇಕು, ಹತ್ತಿ, ಕಲ್ಲಿದ್ದಲಿನ ಖರ್ಚು ಹೊತ್ತ ಹಾಗೆ.

ನಮ್ಮ ದೇಶದಲ್ಲಿ 1855ರ ಮಾರಕ ಅಪಘಾತಗಳ ಕಾಯ್ದೆ ಇತ್ತು. ಸತ್ತವರ ಕುಟುಂಬ ದಾವೆ ಹೂಡಬಹುದಿತ್ತು, ಆದರೆ ಅಲ್ಲೂ ಎದುರಿನವರ ತಪ್ಪು ಸಿದ್ಧ ಮಾಡಬೇಕು. 1881ರ ಮೊದಲ ಕಾರಖಾನೆ ಕಾಯ್ದೆ ಮಕ್ಕಳ ದುಡಿಮೆಯ ತಾಸು, ಯಂತ್ರಕ್ಕೆ ಬೇಲಿ, ಇಂಥವನ್ನು ನೋಡಿತು. ಕಡಿದ ಬೆರಳನ್ನು ನೋಡಲಿಲ್ಲ.

ಆ ಪ್ರಶ್ನೆ ಎತ್ತಿದವರು ಮುಂಬಯಿಯ ಗಿರಣಿ ಕಾಮಗಾರರೇ. ಜೋತಿಬಾ ಫುಲೆಯವರ ಜತೆಗಾರ, ‘ದೀನಬಂಧು’ ಪತ್ರಿಕೆಯ ಸಂಪಾದಕ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಕಾಮಗಾರರ ಸಭೆ ಕರೆದು, ಐದು ಸಾವಿರಕ್ಕೂ ಹೆಚ್ಚು ಮಂದಿಯ ಸಹಿಯ ಮನವಿ ಸಿದ್ಧ ಮಾಡಿದರು. ಭಾನುವಾರದ ರಜೆ, ಮಧ್ಯಾಹ್ನ ಅರ್ಧ ತಾಸು ಬಿಡುವು, ತಿಂಗಳ ಪಗಾರ ಮುಂದಿನ ತಿಂಗಳ 15ರೊಳಗೆ, ಇವು ಅದರ ಬೇಡಿಕೆಗಳು. ಇನ್ನೊಂದನ್ನು ಈ ಗೋಷ್ಠಿಯಲ್ಲಿ ನೆನೆಯಬೇಕು: ಕೆಲಸದಲ್ಲಿ ದೊಡ್ಡ ಗಾಯವಾದವನಿಗೆ ವಾಸಿಯಾಗುವವರೆಗೆ ಪೂರ್ತಿ ಪಗಾರ ಕೊಡಬೇಕು, ಜೀವಮಾನಕ್ಕೆ ಅಂಗ ಹೋದವನ ಹೊಟ್ಟೆಪಾಡಿಗೆ ತಕ್ಕ ವ್ಯವಸ್ಥೆ ಮಾಡಬೇಕು. ಇಂಗ್ಲೆಂಡಿನ ಕಾಯ್ದೆಗೆ ಇನ್ನೂ ಹದಿಮೂರು ವರ್ಷ ಬಾಕಿ ಇತ್ತು. ಭಾರತದ ಕಾಯ್ದೆಗೆ ಮೂವತ್ತೊಂಬತ್ತು. ಕಾರ್ಮಿಕ ಕಾನೂನು ದೊರೆಗಳು ಕೊಟ್ಟ ವರ ಅಂತ ಓದುವಾಗ ನನಗೆ ಈ ಸಹಿಗಳು ನೆನಪಾಗ್ತಾವೆ.

3. ಬೆರಳಿಗೊಂದು ಲೆಕ್ಕ

ಕಾಮಗಾರರ ನಷ್ಟಪರಿಹಾರ ಕಾಯ್ದೆ 1923ರಲ್ಲಿ ಪಾಸಾಗಿ 1924ರ ಜುಲೈ 1ರಿಂದ ಜಾರಿಗೆ ಬಂತು. ಅದರ ಹೃದಯ ಮೂರನೆಯ ಕಲಮಿನಲ್ಲಿದೆ: ಕೆಲಸದಿಂದ ಉದ್ಭವಿಸಿದ, ಕೆಲಸದ ಅವಧಿಯಲ್ಲಿ ಆದ ಅಪಘಾತದ ಗಾಯಕ್ಕೆ ಮಾಲೀಕ ಹೊಣೆ. ಮಾಲೀಕನ ತಪ್ಪು ತೋರಿಸಬೇಕಿಲ್ಲ. ಕುಡಿದ ಅಮಲು, ಸುರಕ್ಷೆಯ ನಿಯಮವನ್ನು ಬೇಕಂತಲೇ ಮುರಿಯೋದು, ಕಾವಲು ಸಾಧನ ಬೇಕಂತಲೇ ತೆಗೆಯೋದು, ಈ ಮೂರು ಅಪವಾದಗಳು. ಮುಂದೆ ತಿದ್ದುಪಡಿಗಳಾಗಿ ಸಾವು ಮತ್ತು ಶಾಶ್ವತ ಪೂರ್ಣ ಅಂಗವೈಕಲ್ಯದ ಪ್ರಕರಣಗಳಲ್ಲಿ ಈ ಅಪವಾದಗಳೂ ನಡೆಯದಾದವು.

ಮೊದಲ ಕಾಯ್ದೆಯ ದರಗಳು ಹೀಗಿದ್ದವು. ಸತ್ತರೆ ಮೂವತ್ತು ತಿಂಗಳ ಪಗಾರ ಅಥವಾ 2,500 ರೂಪಾಯಿ, ಯಾವುದು ಕಡಿಮೆಯೋ ಅದು. ಶಾಶ್ವತವಾಗಿ ದುಡಿಯಲಾರದಾದರೆ ನಲವತ್ತೆರಡು ತಿಂಗಳ ಪಗಾರ ಅಥವಾ 3,500 ರೂಪಾಯಿ, ಯಾವುದು ಕಡಿಮೆಯೋ ಅದು. ಗಾಯವಾದ ಮೊದಲ ಹತ್ತು ದಿನಕ್ಕೆ ಏನೂ ಇಲ್ಲ. ಈ ಕಾಯುವ ಅವಧಿ 1933ರಲ್ಲಿ ಏಳು ದಿನಕ್ಕೆ, 1959ರಲ್ಲಿ ಮೂರು ದಿನಕ್ಕೆ ಇಳಿಯಿತು.

ಇದರ ಮೊದಲನೆಯ ಅನುಸೂಚಿಯನ್ನು ಸಾಹಿತ್ಯ ಓದಿದವರು ಒಮ್ಮೆ ಓದಬೇಕು. ಮೈಯ ಒಂದೊಂದು ಅಂಗಕ್ಕೂ ಅಲ್ಲಿ ಶೇಕಡಾ ಲೆಕ್ಕ ಇದೆ. 1923ರ ಪಟ್ಟಿಯಲ್ಲಿ ಬಲತೋಳು ಮೊಣಕೈ ಮೇಲೆ ಹೋದರೆ 70, ಎಡತೋಳಿಗೆ 60, ಒಂದು ಕಣ್ಣಿಗೆ 30, ಹೆಬ್ಬೆರಳಿಗೆ 25, ತೋರುಬೆರಳಿಗೆ 10, ಉಳಿದ ಯಾವ ಬೆರಳಿಗಾದರೂ 5. ತಿಂಗಳಿಗೆ 25 ರೂಪಾಯಿ ದುಡಿಯುವ ನೇಕಾರನ ಎರಡು ಬೆರಳು ಹೋದರೆ 1,050 ರೂಪಾಯಿಯ ಶೇಕಡಾ ಹತ್ತು, ಅಂದರೆ 105 ರೂಪಾಯಿ. ಓದುವಾಗ ಕಸಾಯಿ ಅಂಗಡಿಯ ಹಲಗೆ ಓದಿದ ಹಾಗಾಗ್ತದೆ. ಆದರೂ ಅದಕ್ಕೆ ಮೊದಲು ಆ ಎರಡು ಬೆರಳಿನ ಬೆಲೆ ಮಾಲೀಕನ ಮನಸ್ಸಿನಲ್ಲಿತ್ತು, ಈಗ ಅಚ್ಚಾದ ಹಾಳೆಯಲ್ಲಿ ಬಂತು. ಬೆಲೆ ಕಡಿಮೆಯೋ ಹೆಚ್ಚೋ, ಕೇಳಲಿಕ್ಕೆ ಒಂದು ಅಂಕಿ ಸಿಕ್ಕಿತು.

ಇಂದಿನ ಪಟ್ಟಿ ಇನ್ನೂ ಸೂಕ್ಷ್ಮ. ಹೆಬ್ಬೆರಳಿಗೆ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳು ಅಥವಾ ಕಿರುಬೆರಳಿಗೆ 7. ಒಂದೇ ಕೈಯ ಎರಡು ಬೆರಳು ಹೋದರೆ 20, ಮೂರಾದರೆ 30, ನಾಲ್ಕಾದರೆ 50.

ಪಟ್ಟಿಯೇ ಕೊನೆಯ ಮಾತಲ್ಲ ಅನ್ನೋದನ್ನೂ ಹೇಳಬೇಕು. ಒಡಿಶಾದಲ್ಲಿ ಸಿನಿಮಾ ಮಂದಿರದ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಿಗನೊಬ್ಬ ಬಿದ್ದು, ಎಡತೋಳನ್ನು ಮೊಣಕೈ ಮೇಲಿನಿಂದ ಕಳೆದುಕೊಂಡ. ಮಾಲೀಕ ಇದು ಅರೆ ಅಂಗವೈಕಲ್ಯ ಎಂದು ವಾದಿಸಿದ. ಒಂದೇ ಕೈಯಿಂದ ಬಡಿಗತನ ಆಗುವುದಿಲ್ಲ, ಆದ್ದರಿಂದ ಇದು ಪೂರ್ಣ ಅಂಗವೈಕಲ್ಯವೇ ಎಂದ ಆಯುಕ್ತರ ಮಾತನ್ನು 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಹಣ ಕೊಡುವ ಹೊಣೆ ಆದೇಶದ ದಿನದಿಂದಲ್ಲ, ಗಾಯವಾದ ದಿನದಿಂದಲೇ ಹುಟ್ಟುತ್ತದೆ ಎಂದೂ ಹೇಳಿತು. ಅಂಗ ಎಷ್ಟು ಹೋಯಿತು ಎಂಬುದರ ಜತೆಗೆ ಯಾರ ಅಂಗ, ಯಾವ ಕಸುಬಿನ ಅಂಗ ಎಂದೂ ಕೇಳಬೇಕು. ಕಾಯಕದ ನೆಲದಿಂದ ಬಂದ ನಮಗೆ ಈ ಮಾತು ಹೊಸದಲ್ಲ.

4. ಮುತ್ಯಾನ ಗಿರಣಿ

ಈಗ ಸೊಲ್ಲಾಪುರಕ್ಕೆ ಬರೋಣ. ಸೊನ್ನಲಿಗೆಯ ಸಿದ್ಧರಾಮ ಜನರ ದುಡಿಮೆಯಿಂದ ಕೆರೆ ಕಟ್ಟಿಸಿದ ಊರು ಅದು. ರಾಘವಾಂಕನ ಕಾವ್ಯದಿಂದ ನಮಗೆಲ್ಲ ಪರಿಚಿತ. 1870ರ ದಶಕದಲ್ಲಿ ಅಲ್ಲಿ ಮೊದಲ ಹತ್ತಿ ಗಿರಣಿ ಬಂತು. ಮುಂದೆ ಬೇರೆ ಗಿರಣಿಗಳು ಬಂದಾಗ ಅದು ಜನರ ಬಾಯಲ್ಲಿ ‘ಜುನಿ ಗಿರಣಿ’ ಆಯಿತು. ಸುತ್ತಲಿನ ಬರದ ಸೀಮೆಯಿಂದ, ಅಕ್ಕಲಕೋಟ, ಜತ್ತ, ಇಂಡಿ, ಅಫಜಲಪುರದ ಕಡೆಯಿಂದ ಕನ್ನಡ ಮಾತಾಡುವವರು, ತೆಲಂಗಾಣದಿಂದ ತೆಲುಗು ನೇಕಾರರು, ಮರಾಠಿ ಹಳ್ಳಿಗಳವರು, ಉರ್ದು ಮಾತಿನವರು ಒಂದೇ ಭೋಂಗಾದ ಕೂಗಿಗೆ ಎದ್ದು ಹೋಗುತ್ತಿದ್ದರು. 1930ರಲ್ಲಿ ಮಾರ್ಷಲ್ ಲಾ ಕಂಡ ಊರು, 1931ರ ಜನವರಿ 12ರಂದು ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರ ಊರು. ಆ ನಾಲ್ಕು ಹೆಸರು ಒಟ್ಟಿಗೆ ಓದಿದರೆ ಊರಿನ ಸ್ವಭಾವ ಗೊತ್ತಾಗ್ತದೆ.

ನಮ್ಮ ಮುತ್ಯಾ, ಅಂದರೆ ತಾಯಿಯ ತಂದೆ, ಅಲ್ಲಿಯ ಒಂದು ಗಿರಣಿಯಲ್ಲಿ ನೇಯ್ಗೆ ಖಾತೆಯಲ್ಲಿದ್ದ. 1953ರಲ್ಲಿ ಅವನ ಎಡಗೈಯ ಎರಡು ಬೆರಳು ಪಟ್ಟಾಕ್ಕೆ ಸಿಕ್ಕು ಹೋದವು. ಹೌದು, ಮಗನಿಗೂ ಎರಡೇ ಬೆರಳು. ನಮ್ಮ ಮನೆಯಲ್ಲಿ ಇದನ್ನು ಹಣೆಬರಹ ಅಂತಾರೆ, ನಾನು ಯಂತ್ರಕ್ಕೆ ಬೇಲಿ ಇಲ್ಲದ್ದು ಅಂತೀನಿ. ಮುತ್ಯಾನಿಗೆ ಮುನ್ನೂರು ರೂಪಾಯಿಯ ಆಸುಪಾಸು ಭರಪಾಯಿ ಬಂತು ಅಂತ ಆಯಿ ಕೊನೆಯವರೆಗೂ ಹೇಳುತ್ತಿದ್ದಳು. ಆ ಹಣದಿಂದ ಒಂದು ಎಮ್ಮೆ ಬಂತು, ಆ ಎಮ್ಮೆಯ ಹಾಲಿನಿಂದ ದೊಡ್ಡ ಮಾಮಾನ ಶಾಲೆ ನಡೀತು.

ಓದು ಬಾರದ ಮುತ್ಯಾನಿಗೆ ಇಂಗ್ಲಿಷಿನ ಕಾಯ್ದೆ ಹೇಗೆ ಮುಟ್ಟಿತು? ಇದನ್ನು ನಾನು ಆಯಿಗೂ, ಚಾಳಿನ ಇಬ್ಬರು ಮೂವರು ಹಿರಿಯರಿಗೂ ಕೇಳಿ ಬರೆದುಕೊಂಡೆ. ಎಲ್ಲರೂ ಹೇಳಿದ್ದು ಬಾಯಿಂದ ಬಾಯಿಗೆ ಬಂದ ದಾರಿ. ಅವನ ಜಾಬರ್ ಇಂಡಿ ಕಡೆಯವನು, ಕನ್ನಡದವನು. ಯೂನಿಯನ್ನಿನ ಗುಮಾಸ್ತ ಮರಾಠಿಯವನಾದರೂ ಕನ್ನಡ ಬಲ್ಲವನು. ಸಂಜೆ ಕಟ್ಟೆಯ ಮೇಲೆ ಕೂತು, “ಮಲ್ಲ್ಯಾನ ಹೆಬ್ಬೆಟ್ಟ ಹೋದಾಗ ಇಷ್ಟ ಬಂತು, ನಿನಗ ಇಷ್ಟ ಬರಬೇಕು” ಅಂತ ಲೆಕ್ಕ ಹೇಳಿದವರು ಪಕ್ಕದ ಖೋಲಿಯವರು. ಅನುಸೂಚಿಯನ್ನು ಯಾರೂ ಓದಿರಲಿಲ್ಲ, ಆದರೆ ಚಾಳಿಗೆ ಅದು ಬಾಯಿಪಾಠವಾಗಿತ್ತು. ಜಾನಪದ ಅಂದರೆ ಹಂತಿ ಪದ, ಡೊಳ್ಳಿನ ಪದ ಅಂತ ಓದಿಕೊಂಡು ಬಂದವಳಿಗೆ ಇದೂ ಒಂದು ಮೌಖಿಕ ಪರಂಪರೆ ಅನ್ನಿಸಿತು.

ಜುನಿ ಗಿರಣಿ 1949ರಲ್ಲಿ ಮುಚ್ಚಿತು, 1950ರಲ್ಲಿ ಸರಕಾರ ಸುಗ್ರೀವಾಜ್ಞೆ ತಂದು ಆಡಳಿತ ವಹಿಸಿಕೊಂಡಿತು, ಆ ವಿವಾದ ಸುಪ್ರೀಂ ಕೋರ್ಟಿನ ಮೊದಮೊದಲ ತೀರ್ಪುಗಳಲ್ಲೊಂದಾಯಿತು. ಕಾಲಾಂತರದಲ್ಲಿ ಊರಿನ ದೊಡ್ಡ ಗಿರಣಿಗಳು ಒಂದೊಂದಾಗಿ ನಿಂತವು. ಮಗ್ಗಗಳು ಓಣಿಗಳ ಶೆಡ್ಡಿಗೆ ಹೋದವು. ಎಂಟು ಮಗ್ಗ, ನಾಲ್ಕು ಮಂದಿ, ಒಬ್ಬ ಮಾಲೀಕ. ಅಲ್ಲಿ ಜಾಬರ್ ಇಲ್ಲ, ಗುಮಾಸ್ತ ಇಲ್ಲ, ಸಂಜೆಯ ಕಟ್ಟೆ ಇಲ್ಲ. ಕಾನೂನು ಮಾತ್ರ ಈ ಅವಧಿಯಲ್ಲಿ ಮುಂದೆ ಹೋಗುತ್ತಲೇ ಇತ್ತು.

5. ಮಾಮಾನ ಶೆಡ್ಡು

ಕಾನೂನು ಎಷ್ಟು ಮುಂದೆ ಹೋಗಿತ್ತು? 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ 1952ರಲ್ಲಿ ಕಾನಪುರ, ದಿಲ್ಲಿಯಿಂದ ಶುರುವಾಯಿತು. ನಾವು ಇಎಸ್‌ಐ ಅನ್ನೋದು ಇದನ್ನೇ. ಆ ವಿಮೆ ಇರುವ ಕಡೆ ಗಾಯಗೊಂಡವನ ಹೊಣೆ ಮಾಲೀಕನಿಂದ ನಿಗಮಕ್ಕೆ ಹೋಗ್ತದೆ, ಅಂಗವೈಕಲ್ಯಕ್ಕೆ ತಿಂಗಳ ಹಣ ಬರ್ತದೆ, ಎರಡೂ ಕಡೆಯಿಂದ ಪಡೆಯೋ ಹಾಗಿಲ್ಲ. ಹತ್ತು ಮಂದಿಗಿಂತ ಕಡಿಮೆ ಇರುವ ಶೆಡ್ಡಿಗೆ ಇಎಸ್‌ಐ ಸಾಮಾನ್ಯವಾಗಿ ಇರೋದಿಲ್ಲ. “ನಮಗ ಇಎಸ್‌ಐ ಇಲ್ಲ, ಹಂಗಾಗಿ ಏನೂ ಇಲ್ಲ” ಅಂತ ಮಾಮಾ ನಂಬಿದ್ದು ಇದರಿಂದ. ನಿಜ ಬೇರೆ. ಇಎಸ್‌ಐ ಇಲ್ಲದ ಕಡೆ ಆಗ 1923ರ ಕಾಯ್ದೆ ನಿಲ್ತಿತ್ತು, ಯಂತ್ರ ನಡೆಯುವ ಶೆಡ್ಡಿನಲ್ಲಿ ಒಬ್ಬನೇ ಆಳಿದ್ದರೂ ಅನ್ವಯಿಸ್ತಿತ್ತು. ತಾತ್ಪೂರ್ತಿಕ ಕೆಲಸಗಾರ ಎಂಬ ನೆವವನ್ನು 2000ದ ತಿದ್ದುಪಡಿ ತೆಗೆದುಹಾಕಿತು. ಗುತ್ತಿಗೆದಾರನ ಕೈಕೆಳಗೆ ದುಡಿದರೂ ಮೂಲ ಮಾಲೀಕ ತಪ್ಪಿಸಿಕೊಳ್ಳಲಾರ. 2010ರ ಜನವರಿ 18ರಿಂದ ಕಾಯ್ದೆಯ ಹೆಸರಿನಲ್ಲಿದ್ದ ‘ಕಾಮಗಾರ’ ಹೋಗಿ ‘ನೌಕರ’ ಬಂತು, ಚಿಕಿತ್ಸೆಯ ನಿಜವಾದ ಖರ್ಚೂ ಮಾಲೀಕನದೇ ಆಯಿತು.

ಮಾಮಾನ ಲೆಕ್ಕ ನಾನೇ ಕಾಗದದ ಮೇಲೆ ಹಾಕಿದೆ. ತಿಂಗಳ ಸರಾಸರಿ ಗಳಿಕೆ 12,000 ರೂಪಾಯಿ. ಕಾಯ್ದೆ ಲೆಕ್ಕಕ್ಕೆ ಹಿಡಿಯುವ ಪಗಾರದ ಮಿತಿ 2020ರಿಂದ 15,000, ಹಾಗಾಗಿ ಪೂರ್ತಿ ಗಳಿಕೆ ಹಿಡಿಯಬಹುದು. ಅದರ ಶೇಕಡಾ 60 ಅಂದರೆ 7,200. ಐವತ್ತು ವರ್ಷದವನಿಗೆ ನಾಲ್ಕನೆಯ ಅನುಸೂಚಿ ಹೇಳುವ ಗುಣಕ 153.09. ಗುಣಿಸಿದರೆ 11,02,248. ಒಂದೇ ಕೈಯ ಎರಡು ಬೆರಳಿಗೆ ಶೇಕಡಾ 20. ಬರಬೇಕಾದದ್ದು ಸುಮಾರು 2,20,450 ರೂಪಾಯಿ. ಕೊಟ್ಟದ್ದು ಹದಿನೈದು ಸಾವಿರ. ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12 ಬಡ್ಡಿ, ತಕ್ಕ ಕಾರಣವಿಲ್ಲದೆ ತಡ ಮಾಡಿದ್ದರೆ ಅರ್ಧದವರೆಗೆ ದಂಡ.

ಆದರೆ ಸಹಿ ಹಾಕಿಕೊಟ್ಟಾಗಿದೆಯಲ್ಲ? ಅದಕ್ಕೂ ಕಾಯ್ದೆ 1923ರಲ್ಲೇ ಉತ್ತರ ಬರೆದಿಟ್ಟಿದೆ. ಹದಿನೇಳನೆಯ ಕಲಮಿನ ಪ್ರಕಾರ, ನಷ್ಟಪರಿಹಾರದ ಹಕ್ಕು ಬಿಟ್ಟುಕೊಡುವ ಯಾವ ಕರಾರೂ ಶೂನ್ಯ. ರಾಜಿಯಾದರೂ ಅದನ್ನು ಆಯುಕ್ತರ ಮುಂದೆ ನೋಂದಾಯಿಸಬೇಕು. ಬಡವನಿಗೆ ಹಸಿವಿನಲ್ಲಿ ಸಹಿ ಹಾಕಿಸಿಕೊಳ್ತಾರೆ ಅನ್ನೋದು ನೂರು ವರ್ಷದ ಹಿಂದೆ ಕಾನೂನು ಬರೆದವರಿಗೆ ಗೊತ್ತಿತ್ತು. ಮಾಮಾನಿಗೆ ಆ ಕಲಮು ಗೊತ್ತಿರಲಿಲ್ಲ.

ಕಾನೂನು ಬೆಳೆದದ್ದಕ್ಕೆ ನಮ್ಮ ಪಕ್ಕದ ಜಿಲ್ಲೆಯ ಒಂದು ಉದಾಹರಣೆ ಕೊಡ್ತೀನಿ. ಉಸ್ಮಾನಾಬಾದ್, ಈಗಿನ ಧಾರಾಶಿವ ಕಡೆಯ ಒಂದು ಸಕ್ಕರೆ ಕಾರಖಾನೆಯ ಕಾವಲುಗಾರ 2003ರಲ್ಲಿ ನಸುಕಿನ ಮೂರು ಗಂಟೆಯ ಪಾಳಿಗೆ ಹೋಗುವಾಗ ದಾರಿಯಲ್ಲಿ ಅಪಘಾತದಲ್ಲಿ ತೀರಿಕೊಂಡ. ಕಾರಖಾನೆ ಇನ್ನೂ ಐದು ಕಿಲೋಮೀಟರಿನಷ್ಟು ದೂರ ಇತ್ತು. ಆಯುಕ್ತರು ಕುಟುಂಬಕ್ಕೆ 3,26,140 ರೂಪಾಯಿ ಕೊಡಿಸಿದರು, ಹೈಕೋರ್ಟು ರದ್ದು ಮಾಡಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಕುಟುಂಬದ ಪರ ತೀರ್ಪಿತ್ತಿತು: ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯ ಅಪಘಾತವೂ, ಕೆಲಸಕ್ಕೆ ನಂಟಿದ್ದರೆ, ಕೆಲಸದ ಅಪಘಾತವೇ. ತೀರ್ಪು ಚಲೋ, ಆದರೆ ಇಪ್ಪತ್ತೆರಡು ವರ್ಷ! ಈಗ ಈ ಹಳೆಯ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ, ದಾರಿಯ ಅಪಘಾತದ ಮಾತು ಅದರಲ್ಲೇ ಸೇರಿದೆ. ಮಾಮಾನ ಗಾಯ ಹಳೆಯ ಕಾಯ್ದೆಯ ಕಾಲದ್ದು.

6. ಯಾವ ಭಾಷೆಯಲ್ಲಿ ತಿಳಿಸಬೇಕು?

ಗಡಿನಾಡಿನವರು ಕಿವಿಗೊಡಬೇಕಾದ ಜಾಗ ಇದು. 2017ರಲ್ಲಿ ಕಾಯ್ದೆಗೆ 17ಎ ಎಂಬ ಕಲಮು ಸೇರಿತು. ಕೆಲಸಕ್ಕೆ ತೆಗೆದುಕೊಳ್ಳುವಾಗಲೇ ಮಾಲೀಕ ನೌಕರನಿಗೆ ನಷ್ಟಪರಿಹಾರದ ಹಕ್ಕನ್ನು ಬರಹದಲ್ಲಿ ತಿಳಿಸಬೇಕು. ಇಂಗ್ಲಿಷ್, ಹಿಂದಿ ಅಥವಾ ಕೆಲಸ ಮಾಡುವ ಪ್ರದೇಶದ ರಾಜ್ಯಭಾಷೆಯಲ್ಲಿ, ನೌಕರನಿಗೆ ಅರ್ಥವಾಗುವಂತೆ. ತಿಳಿಸದಿದ್ದರೆ ಆ ಕಾಯ್ದೆಯಲ್ಲಿ ಐವತ್ತು ಸಾವಿರಕ್ಕೆ ಕಡಿಮೆ ಇಲ್ಲದ ದಂಡ ಇತ್ತು. ಬಹಳ ಒಳ್ಳೆ ಕಲಮು. ಅದರ ಭಾಷೆಯ ಪಟ್ಟಿ ಮಾತ್ರ ನಮ್ಮಂಥವರ ಹೊಸ್ತಿಲಿನ ತನಕ ಬಂದು ನಿಲ್ತದೆ. ‘ಅರ್ಥವಾಗುವಂತೆ’ ಅನ್ನೋ ಮಾತು ಆ ಮೂರು ಭಾಷೆಯೊಳಗೆ ಸುತ್ತುತ್ತದೆ. ಸೊಲ್ಲಾಪುರದ ಕನ್ನಡದವನಿಗೆ ಮರಾಠಿ, ಮಡಕಶಿರಾದವನಿಗೆ ತೆಲುಗು, ತಾಳವಾಡಿಯವನಿಗೆ ತಮಿಳು. ಬೆಂಗಳೂರಿನ ಕಟ್ಟಡದ ಮೇಲಿರುವ ಒಡಿಯಾ ಮಾತಿನ ಆಳಿಗೂ ಇದೇ ಕಷ್ಟ, ಅಲ್ಲಿ ನಮ್ಮ ಕನ್ನಡವೇ ಅವನಿಗೆ ಓದಲು ಬಾರದ ರಾಜ್ಯಭಾಷೆ. ಅದನ್ನೂ ನಾವು ಮರೆಯಬಾರದು.

ದಾರಿಯೇ ಇಲ್ಲ ಅಂತಲ್ಲ. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ, ಅಹವಾಲನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಸಲ್ಲಿಸಬಹುದು. ಜಿಲ್ಲೆ ಅಥವಾ ತಾಲೂಕಿನಲ್ಲಿ ಶೇಕಡಾ 15ಕ್ಕಿಂತ ಕಡಿಮೆ ಇಲ್ಲದಷ್ಟು ಜನ ಒಂದು ಅಲ್ಪಸಂಖ್ಯಾತ ಭಾಷೆಯವರಿದ್ದರೆ ಮುಖ್ಯ ನಿಯಮ, ಪ್ರಕಟಣೆಗಳನ್ನು ಆ ಭಾಷೆಯಲ್ಲೂ ಹೊರಡಿಸಬೇಕು ಎಂಬುದು ರಾಜ್ಯಗಳು ಒಪ್ಪಿಕೊಂಡ ರಕ್ಷಣೆ. ನಾವು ಈ ರಕ್ಷಣೆಗಳನ್ನು ಹೆಚ್ಚಾಗಿ ಶಾಲೆಗಾಗಿ, ಪಠ್ಯಪುಸ್ತಕಕ್ಕಾಗಿ ಕೇಳ್ತೀವಿ. ಕೇಳಬೇಕು. ಅದರ ಜತೆಗೆ ಕಾರಖಾನೆಯ ಗೋಡೆಯ ಮೇಲಿನ ಫಲಕಕ್ಕಾಗಿಯೂ ಕೇಳಬೇಕು. ಮಹಾಜನ ವರದಿ 1967ರಲ್ಲಿ ಬಂತು, ಅದರ ಮೇಲೆ ಭಾಷಣಗಳು ಇನ್ನೂ ನಡೀತಿವೆ. ಗಡಿ ಎಲ್ಲಿದೆ ಅನ್ನೋ ಪ್ರಶ್ನೆ ಇತ್ಯರ್ಥವಾಗುವವರೆಗೆ ಮಗ್ಗ ಕಾಯೋದಿಲ್ಲ.

7. ಅತ್ತಿಯ ವಹಿ

ಹಕ್ಕು ಕೇಳಲು ಎರಡು ವರ್ಷದ ಗಡುವಿದೆ. ನನಗೆ ಇದೆಲ್ಲ ಗೊತ್ತಾದಾಗ ಅಪಘಾತವಾಗಿ ಹತ್ತೊಂಬತ್ತು ತಿಂಗಳು ಕಳೆದಿದ್ದವು. ಒಬ್ಬ ಹಿರಿಯ ವಕೀಲರು ಫೀ ಇಲ್ಲದೆ ಅರ್ಜಿ ಬರೆದುಕೊಟ್ಟರು. ಮಾಲೀಕ, ಇವನು ನಮ್ಮ ಆಳೇ ಅಲ್ಲ, ಬಂದು ಹೋಗುವವನು ಅಂದ. ನೇಮಕದ ಪತ್ರ ಇಲ್ಲ, ಪಗಾರದ ಚೀಟಿ ಇಲ್ಲ, ಕೂಲಿ ಡಜನ್ ಲೆಕ್ಕದಲ್ಲಿ, ವಾರದ ಕೊನೆಗೆ ನಗದು. ಸಾಕ್ಷಿ ಏನಿದೆ ಅಂತ ವಕೀಲರು ಕೇಳಿದರು.

ಅತ್ತಿ ಒಳಗೆ ಹೋಗಿ ಅಕ್ಕಿ ಡಬ್ಬಿಯ ಹಿಂದಿನಿಂದ ಒಂದು ವಹಿ ತಂದಳು. ಆರು ವರ್ಷದ ಲೆಕ್ಕ. ಪ್ರತಿ ವಾರ ಎಷ್ಟು ಡಜನ್, ಎಷ್ಟು ರೂಪಾಯಿ, ಯಾವ ಮಗ್ಗ, ಎಷ್ಟು ಉಚಲ್ ಕಡಿತ, ಎಲ್ಲ ದುಂಡಗಿನ ಕನ್ನಡ ಅಕ್ಷರದಲ್ಲಿ, ಕನ್ನಡ ಅಂಕಿಯಲ್ಲಿ. ಅಪಘಾತದ ವಾರದ ಮುಂದೆ ‘ಬೆರಳು’ ಅಂತ ಒಂದೇ ಶಬ್ದ, ಅದರ ಮುಂದಿನ ವಾರಗಳಿಗೆ ಬರೀ ಗೆರೆ. ಅದನ್ನು ಮರಾಠಿಗೆ ಅನುವಾದಿಸಿಕೊಡಿ ಅಂದರು. ನಾನು ಅನುವಾದಿಸಿದೆ. ಎಂ.ಎ. ತರಗತಿಯಲ್ಲಿ ಅನುವಾದ ಒಂದು ಪತ್ರಿಕೆ ನಮಗೆ; ಕಥೆ, ಕವಿತೆ ಮಾಡಿದ್ದೀನಿ. ಒಂದು ಶಬ್ದ ತಪ್ಪಿದರೆ ಮನೆಯೊಂದರ ಎರಡು ಲಕ್ಷ ಹೋಗ್ತದೆ ಅನ್ನೋ ಹೆದರಿಕೆಯಿಂದ ಮಾಡಿದ್ದು ಇದೊಂದೇ.

ಮೂರು ತಿಂಗಳಲ್ಲಿ ಮುಗಿಸಬೇಕು ಎಂದು ಕಾಯ್ದೆ ಹೇಳಿದರೂ ಪ್ರಕರಣ ಇನ್ನೂ ನಡೀತಾ ಇದೆ. ಏನಾಗ್ತದೋ ಹೇಳಲಾರೆ. ಮಾಮಾ ಈಗ ಬೇರೆ ಶೆಡ್ಡಿನಲ್ಲಿದ್ದಾನೆ, ಬಾಬಿನ್ ತುಂಬುವ ಕೆಲಸ, ಮೊದಲಿನ ಅರ್ಧ ಕೂಲಿ. ಆದರೆ ಅವನ ಓಣಿಯಲ್ಲಿ ಮತ್ತಿಬ್ಬರು ತಮ್ಮ ಹಳೆಯ ಕಾಗದಗಳನ್ನು ಹಿಡಿದು ಅತ್ತಿಯ ಹತ್ತಿರ ಬಂದರಂತೆ. “ನಾ ಏನ್ ಹೇಳ್ಲಿ, ವಹಿ ಬರ್ರಿ ಅಂತ ಹೇಳೀನಿ” ಅಂದಳು. ಮುತ್ಯಾನ ಚಾಳಿನ ಕಟ್ಟೆ ಇಷ್ಟಾದರೂ ಮತ್ತೆ ಎದ್ದಿದೆ ಅಂದುಕೊಳ್ತೀನಿ.

ಚರ್ಚೆಯಿಂದ

ಕಾಸರಗೋಡಿನ ಹಿರಿಯರೊಬ್ಬರು, ಕೇರಳದಲ್ಲಿ 1969ರ ರಾಜ್ಯಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದ ಜತೆ ವ್ಯವಹರಿಸುವ ಹಕ್ಕು ಕೊಟ್ಟಿದೆ, ಇದು ನಿಮ್ಮ ಕಡೆಗೂ ಮಾದರಿಯಾಗಬಹುದಲ್ಲವೇ ಎಂದು ಕೇಳಿದರು. ಖಂಡಿತ ಆಗಬಹುದು ಸರ್. ಆದರೆ ಆ ಹಕ್ಕು ಸರಕಾರಿ ಕಚೇರಿಯ ಮಾತು. ಮಾಲೀಕ ಕೊಡುವ ಕಾಗದಕ್ಕೂ ಅದು ಮುಟ್ಟಬೇಕು.

ಹೊಸೂರಿನ ಗೆಳತಿ, ಕಾರಖಾನೆಯವರಿಗೆ ನಾವು ಇವತ್ತೇ ಮಾಡಬಹುದಾದದ್ದು ಏನು ಎಂದು ಕೇಳಿದಳು. ಒಂದು ಹಾಳೆ ಸಾಕು. ಗಾಯವಾದ ಕೂಡಲೇ ಬರಹದಲ್ಲಿ ತಿಳಿಸಿ, ಆಸ್ಪತ್ರೆಯ ಕೇಸ್ ಪೇಪರ್ ಇಟ್ಟುಕೊಳ್ಳಿ, ಓದಲಾಗದ ಕಾಗದಕ್ಕೆ ಸಹಿ ಹಾಕಬೇಡಿ, ಹಾಕಿದ್ದರೂ ಹಕ್ಕು ಹೋಗಿಲ್ಲ, ಎರಡು ವರ್ಷದೊಳಗೆ ಆಯುಕ್ತರ ಹತ್ತಿರ ಹೋಗಿ, ಕೂಲಿಯ ಲೆಕ್ಕ ಮನೆಯಲ್ಲಿ ಬರೆದಿಡಿ. ಇದನ್ನು ನಿಮ್ಮ ಕಡೆಯ ಕನ್ನಡದಲ್ಲಿ ಬರೆದು ನಿಮ್ಮೂರಿನ ಕಟ್ಟೆಯ ಮೇಲೆ ಓದಿ ಹೇಳಿ. ನಾನು ಸೊಲ್ಲಾಪುರದ ಕನ್ನಡದಲ್ಲಿ ಬರೆದಿದ್ದೀನಿ, ಅದರಲ್ಲಿ ‘ಪರಿಹಾರ’ ಅಂತ ಹಾಕಲಿಲ್ಲ, ‘ಭರಪಾಯಿ’ ಅಂತಲೇ ಇಟ್ಟೆ, ಎರಡೂ ಅರ್ಥ ಬಿಡಿಸಿ ಹೇಳಿ.